ಕೆಂಪು ಬೆಳಕಿನ ಕೋನ

ಅವರು ತೀರಿಕೊಂಡ ಸುದ್ದಿಯನ್ನು ನಾನು ಆರು ಸಾಲಿನಲ್ಲಿ ಬರೆದು ಕಳಿಸಿದೆ. ವಯಸ್ಸು, ಹುಟ್ಟಿದ ಊರು ಕೊಟ್ಟೂರು, ಭೌತಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಪತ್ನಿ ಮತ್ತು ಮಗಳು ಇದ್ದಾರೆ, ಅಂತ್ಯಕ್ರಿಯೆ ಇಂಥ ಹೊತ್ತಿಗೆ. ನಿಧನ ವಾರ್ತೆಯ ಅಂಕಣಕ್ಕೆ ಇಷ್ಟು ಸಾಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಸುದ್ದಿಯನ್ನು ಒಂದು ದಿನಪತ್ರಿಕೆಗೆ ಕಳಿಸುತ್ತಲೇ ನನ್ನ ತಲೆ ನರೆತಿದೆ. ಆರು ಸಾಲಿನಲ್ಲಿ ಒಬ್ಬ ಮನುಷ್ಯನನ್ನು ಮುಗಿಸುವುದು ಅಭ್ಯಾಸವಾಗಿದೆ. ಈ ಸಲ ಕಳಿಸಿದ ಮೇಲೂ ಮುಗಿದಂತೆ ಅನಿಸಲಿಲ್ಲ. ಅದಕ್ಕಾಗಿ ಇದು. ಹೆಸರು ಬರೆಯುವುದಿಲ್ಲ. ಕಾಲೇಜು ಯಾವ ಊರಿನದೆಂದೂ ಬರೆಯುವುದಿಲ್ಲ. ಈ ಬರಹದಲ್ಲಿ ಬರುವ ಇನ್ನೊಬ್ಬರು ಇನ್ನೂ ಖಾಯಂ ಕೆಲಸ ಹುಡುಕುತ್ತಿದ್ದಾರೆ.

ಮೇಷ್ಟ್ರ ಪರಿಚಯವಾದದ್ದು ನನ್ನ ತಪ್ಪಿನಿಂದ. ಹಗರಿಬೊಮ್ಮನಹಳ್ಳಿಯ ಒಂದು ಮೆರವಣಿಗೆಗೆ ಸಾವಿರಾರು ಜನ ಸೇರಿದ್ದರು ಎಂದು ಬರೆದಿದ್ದೆ. ಮರುದಿನ ಬೆಳಿಗ್ಗೆ ಫೋನ್ ಬಂತು.

"ನಾನು ಅಲ್ಲೇ ಬಸ್‌ಸ್ಟ್ಯಾಂಡ್ ಕಟ್ಟಿ ಮ್ಯಾಲೆ ನಿಂತಿದ್ನಿರಿ. ಸಾಲಿಗೆ ನಾಕು ಮಂದಿ, ಎಪ್ಪತ್ತು ಸಾಲು. ಸಾವಿರಾರು ಅಂದ್ರ ಉಳಿದೋರು ಎಲ್ಲಿದ್ರು?"

"ಎಲ್ಲಾರೂ ಹಂಗ ಬರೀತಾರ ಸರ್," ಅಂದೆ.

"ಹಂಗಾರ ಯಾರೂ ಎಣಿಸೋದಿಲ್ಲ ಅಂತಾತು."

ಆಮೇಲೆ ತಿಂಗಳಿಗೆ ಒಂದೋ ಎರಡೋ ಫೋನ್. ಸೇತುವೆಯ ಉದ್ದ ತಪ್ಪು, ಕೆರೆ ಕೋಡಿ ಬಿದ್ದ ವಾರ ತಪ್ಪು. ಯಾವತ್ತೂ ದನಿ ಏರಿಸಲಿಲ್ಲ, ಬರವಣಿಗೆ ಚೆನ್ನಾಗಿದೆ ಎಂದು ಹೊಗಳಲೂ ಇಲ್ಲ. ಸಭೆಗೆ ಹೋದರೆ ನಾನು ಕುರ್ಚಿ ಎಣಿಸುವುದನ್ನು ಕಲಿತದ್ದು ಅವರ ಭಯಕ್ಕೆ.

ಗಿಡ್ಡ ಆಳು. ಅರ್ಧ ತೋಳಿನ ಅಂಗಿ, ಜೇಬಿಗೆ ಎರಡು ಪೆನ್ನು. ವಿದ್ಯಾರ್ಥಿ ಕಂಪ್ಯೂಟರ್ ಮುಂದೆ ಕೂತಿದ್ದರೆ ಅವರು ಹಿಂದೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು. ಎಷ್ಟು ಹೊತ್ತಾದರೂ ಕೂರುತ್ತಿರಲಿಲ್ಲ, ಕೀಲಿಮಣೆ ಮುಟ್ಟುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಅವರ ಮನೆತನದ್ದು ಶೇಂಗಾ ವ್ಯಾಪಾರ. ಅಣ್ಣ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು: "ನಾವು ಶೇಂಗಾ ತೂಗ್ತೀವ್ರಿ, ನಮ್ಮ ತಮ್ಮ ಬೆಳಕು ತೂಗ್ತಾನ. ಒಂದು ಕಿಲೋನೂ ಮಾರಿಲ್ಲ ಇವತ್ತಿನ ತನ." ಮೇಷ್ಟ್ರು ಇದಕ್ಕೆ ನಗುತ್ತಿದ್ದರು. ಅಣ್ಣನ ಲೆಕ್ಕ ಸರಿ ಇದೆ ಎನ್ನುತ್ತಿದ್ದರು.

ಅವರ ಕೆಲಸ ಕಂಪ್ಯೂಟರಿನೊಳಗೆ ಬೆಳಕು ಹಾಯಿಸುವುದು. ಇಷ್ಟೇ ಬರೆದರೆ ಫೋನ್ ಬರುತ್ತಿತ್ತು, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕೂದಲೆಳೆಗಿಂತ ನೂರಾರು ಪಟ್ಟು ಸಣ್ಣ ಉಬ್ಬುಗಳಿರುವ ಪದರವೊಂದನ್ನು ಗಾಜಿನ ಮೇಲೆ ಹಾಕಿದರೆ ಬೆಳಕು ಎಷ್ಟು ಒಳಗೆ ಹೋಗುತ್ತದೆ, ಎಷ್ಟು ವಾಪಸ್ ಬರುತ್ತದೆ ಎಂಬುದನ್ನು ಪದರ ತಯಾರಿಸುವ ಮೊದಲೇ ಲೆಕ್ಕ ಹಾಕಿ ನೋಡಬಹುದು. ಕಂಪ್ಯೂಟರಿನಲ್ಲಿ ಪೆಟ್ಟಿಗೆಯಂಥ ಒಂದು ಜಾಗ, ಅದರೊಳಗೆ ಪದರದ ನಕ್ಷೆ, ಆಮೇಲೆ ಬೆಳಕಿನ ಅಲೆ. ಆ ಅಲೆ ಎಲ್ಲಿಂದ ಹೊರಡಬೇಕು, ಯಾವ ಕಡೆಗೆ, ಎಷ್ಟು ಓರೆಯಾಗಿ, ಯಾವ ಬಣ್ಣದ್ದು ಎಂಬುದನ್ನೆಲ್ಲ ನಾವೇ ನಿಗದಿ ಮಾಡಬೇಕು. ಇದಕ್ಕೆ ಅವರು 'ಮೂಲ' ಎನ್ನುತ್ತಿದ್ದರು.

"ಮನಿ ಕಟ್ಟೋದು ಎಲ್ಲಾರೂ ಕಲೀತಾರ್ರಿ, ಚಂದ ಚಂದ ಕಟ್ತಾರ," ಎಂದು ಒಮ್ಮೆ ಹೇಳಿದರು. "ದೀಪ ಎಲ್ಲಿಡಬೇಕು ಅನ್ನೋದು ಮಾತ್ರ ಯಾರೂ ಕಲಿಯಾಂಗಿಲ್ಲ. ಮೂಲ ತಪ್ಪಿದ್ರ ಯಂತ್ರ ತಪ್ಪು ಅನ್ನಾಂಗಿಲ್ಲ. ತಪ್ಪು ಮೂಲಕ್ಕ ಸರಿಯಾದ ಉತ್ತರ ಕೊಟ್ಟು ಸುಮ್ನಿರ್ತೈತಿ."

ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಹಡಗಲಿ ತಾಲ್ಲೂಕಿನ ಮಾಗಳಕ್ಕೆ, ತುಂಗಭದ್ರೆಯ ದಂಡೆಗೆ ಕರೆದೊಯ್ಯುತ್ತಿದ್ದರು. ಒಂದು ವರ್ಷ ನಾನೂ ಹೋಗಿದ್ದೆ. ನೀರು ನಿಂತಂತಿದ್ದ ಮೂಲೆಯೊಂದನ್ನು ಹುಡುಕಿ, ಒಬ್ಬ ವಿದ್ಯಾರ್ಥಿನಿಯಿಂದ ಕಲ್ಲು ಹಾಕಿಸಿದರು. ಅಲೆ ಉಂಗುರವಾಗಿ ಹರಡಿತು. "ಇದು ಚುಕ್ಕಿ ಮೂಲ." ಆಮೇಲೆ ಇಬ್ಬರ ಕೈಗೆ ಮಾರುದ್ದದ ಹಲಗೆ ಕೊಟ್ಟು ಮೊಣಕಾಲುದ್ದ ನೀರಿನಲ್ಲಿ ಮೆಲ್ಲಗೆ ದೂಡಿಸಿದರು. ಅಲೆ ನೇರ ಗೆರೆಯಾಗಿ ಮುಂದೆ ಹೋಯಿತು. "ಇದು ಸಮತಲ ಮೂಲ. ಈಗ ಹಲಗಿ ತುದಿ ನೋಡ್ರಿ. ಅಲ್ಲಿ ಬಾಗೇತಿ. ಹಲಗಿ ಎಲ್ಲಿ ಮುಗೀತೈತೋ ಅಲ್ಲಿಂದ ಸುಳ್ಳು ಶುರು."

ಹಲಗೆ ಹರಿಗೋಲಿನವನದು. ಅವನು ದಂಡೆಯಲ್ಲಿ ಬೀಡಿ ಸೇದುತ್ತ ಕೂತಿದ್ದ. "ಏನ್ರಿ ಮೇಷ್ಟ್ರ, ಹೋದ ವರ್ಸ ಹೇಳಿದ ಪಾಠ ಹೊಳಿ ಮರ್ತೈತೇನು? ಮತ್ತ ಬಂದೀರಲ್ಲ?"

"ಹೊಳಿಗೆ ನೆನಪೈತೋ ಮಾರಾಯ. ಇವ್ರಿಗಿಲ್ಲ."

"ಹಂಗಾರ ಹಲಗಿ ಹುಷಾರ್ರಿ. ನಿಮ್ಮ ಪಾಠ ಮುಗದ ಮ್ಯಾಲೆ ನಾನು ಮಂದಿ ದಾಟಿಸಬೇಕು."

ಅವರದೊಂದು ನಿಯಮವಿತ್ತು. ಪದರದ ನಕ್ಷೆಯನ್ನು ಪೂರ್ತಿ ತೆಗೆದುಹಾಕಿ, ಮೊದಲು ಮೂಲವನ್ನಷ್ಟೇ ಓಡಿಸಬೇಕು. ಏನೂ ಇಲ್ಲದ ಜಾಗದಲ್ಲಿ ಬೆಳಕು ನಾವು ಹೇಳಿದಂತೆ ಹೋಗುತ್ತದೆಯೇ ಎಂದು ನೋಡಬೇಕು. ಅದು ಸರಿ ಬಂದ ಮೇಲೆ ಉಳಿದದ್ದು. ಇದಕ್ಕೆ ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು 'ಖಾಲಿ ಮೇಷ್ಟ್ರು' ಎನ್ನುತ್ತಿದ್ದರು. ಒಮ್ಮೆ ಅರ್ಧ ತರಗತಿ ಬಂದಿರದಿದ್ದಾಗ, "ಇವತ್ತು ನನ್ನ ಹೆಸರಿಗೆ ತಕ್ಕಂಗ ಐತಿ" ಎಂದು ಪಾಠ ಶುರು ಮಾಡಿದರಂತೆ. ಇದು ಕೇಳಿದ್ದು, ನಾನು ಕಂಡದ್ದಲ್ಲ.

ಅವರ ಬಳಿ ಪಿಎಚ್.ಡಿ. ಮಾಡಿದವರು ಮೂವರು. ಕೊನೆಯವರು ಅದೇ ಕಾಲೇಜಿನ ಅತಿಥಿ ಉಪನ್ಯಾಸಕಿ. ಉಚ್ಚಂಗಿದುರ್ಗದ ಕಡೆಯವರು, ಬೌದ್ಧ ಕುಟುಂಬ. ಅಜ್ಜ ಕೂಲಿ ಮಾಡಿದವರು, ತಂದೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅತಿಥಿ ಎಂದರೆ ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ, ಕರೆದರೆ ಬರುವವರು. ಮೇಷ್ಟ್ರು ಆಕೆಯನ್ನು ಸಂಶೋಧನೆಗೆ ತೆಗೆದುಕೊಂಡಾಗ ಅಧ್ಯಾಪಕರ ಕೋಣೆಯಲ್ಲಿ ಒಬ್ಬರು, "ಬ್ಯಾರೆ ಯಾರೂ ಸಿಗಲಿಲ್ಲೇನ್ರಿ?" ಎಂದರು. ನಾನು ಅಲ್ಲಿಯೇ ಚಹಾ ಕುಡಿಯುತ್ತಿದ್ದೆ.

"ಇಷ್ಟು ಗಣಿತ ಬರೋರು ಇದ್ರ ಹೇಳ್ರಿ, ಅವ್ರನ್ನೂ ತಗೋತೀನಿ," ಎಂದರು ಮೇಷ್ಟ್ರು. ಕೇಳಿದವರು ಪೇಪರ್ ಓದತೊಡಗಿದರು.

ಆಕೆಯ ಕೆಲಸ ಸೌರಫಲಕದ ಗಾಜಿಗೆ ಹಾಕುವ ಪದರದ ವಿನ್ಯಾಸ. ಮುಂಜಾನೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗಾಜು ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಇವರ ಪದರದಲ್ಲಿ ನಲವತ್ತು ಡಿಗ್ರಿ ಓರೆಯಲ್ಲೂ ಎಲ್ಲ ಬಣ್ಣಗಳು, ಅದರಲ್ಲೂ ಕೆಂಪು, ಚೆನ್ನಾಗಿ ಒಳಗೆ ಹೋಗುತ್ತವೆ ಎಂದು ಲೆಕ್ಕ ತೋರಿಸಿತು. ಒಂದು ವಿಜ್ಞಾನ ಪತ್ರಿಕೆ ಅದನ್ನು ಪ್ರಕಟಿಸಿತು. ನಾನು ಇಬ್ಬರ ಫೋಟೊ ಹಾಕಿ ಸುದ್ದಿ ಮಾಡಿದೆ. ಡೆಸ್ಕಿನವರು 'ಇಳಿಬಿಸಿಲಲ್ಲೂ ಪೂರ್ಣ ಬೆಳಕು' ಎಂದು ತಲೆಬರಹ ಕೊಟ್ಟರು. ಏಳು ಗಂಟೆಗೇ ಫೋನ್: "ಪೂರ್ಣ ಅಂತ ನಾವು ಎಲ್ಲಿ ಹೇಳೀವಿ?"

ಆಕೆಯ ಪ್ರಬಂಧ ಒಪ್ಪಿತವಾಗಿ, ಮೌಖಿಕ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಖಾಯಂ ಹುದ್ದೆಗೆ ಸರಕಾರ ಅರ್ಜಿ ಕರೆದಿತ್ತು. ಕೊನೆಯ ದಿನದೊಳಗೆ ಪದವಿ ಕೈಯಲ್ಲಿರಬೇಕು. ವಯೋಮಿತಿಯ ಲೆಕ್ಕದಲ್ಲಿ ಸರಕಾರಿ ಕೆಲಸಕ್ಕೆ ಆಕೆಗೆ ಅದೇ ಕೊನೆಯ ಅವಕಾಶ. ಇದು ಮೇಷ್ಟ್ರಿಗೆ ಗೊತ್ತಿತ್ತು, ಇಡೀ ಕಾಲೇಜಿಗೆ ಗೊತ್ತಿತ್ತು.

ಮೌಖಿಕ ಪರೀಕ್ಷೆಗೆ ಆಕೆಯ ತಂದೆ-ತಾಯಿ ಬರುವವರಿದ್ದರು. ಅವರಿಗೆ ಗ್ರಾಫು ತೋರಿಸಿದರೆ ಏನು ತಿಳಿಯುತ್ತದೆ, ಅಲೆ ಹೋಗುವುದನ್ನೇ ಬಣ್ಣಬಣ್ಣವಾಗಿ ತೋರಿಸೋಣ ಎಂದು ಮೇಷ್ಟ್ರು ಯೋಚಿಸಿದರು. ಒಂದು ರಜೆಯ ಬೆಳಿಗ್ಗೆ ಕಾಲೇಜಿಗೆ ಬಂದು, ಖಾಲಿ ಓಡಿಸಿದ ಹಳೆಯ ಫಲಿತಾಂಶ ತೆಗೆದು, ನೀಲಿ, ಹಸಿರು, ಕೆಂಪು ಮೂರನ್ನೂ ಅಕ್ಕಪಕ್ಕ ಬಿಡಿಸಿದರು. ಮೂರೂ ಒಂದೇ ಓರೆಯಲ್ಲಿ ಹೋಗಬೇಕಿತ್ತು. ಹೋಗಿರಲಿಲ್ಲ.

ನಾನು ಆ ಹೊತ್ತು ಕೂಡ್ಲಿಗಿಯಲ್ಲಿ ಒಂದು ಅಪಘಾತದ ವರದಿಗೆ ಹೋಗಿದ್ದೆ. ಫೋನ್ ಬಂತು.

"ನೀವು ತಿದ್ದುಪಡಿ ಹಾಕಬೇಕು."

"ಪೂರ್ಣ ಅನ್ನೋದಕ್ಕೇನ್ರಿ ಸರ್?"

"ಇಲ್ಲ. ಎಲ್ಲಾದಕ್ಕೂ."

ನಾನು ತಲುಪಿದಾಗ ಹನ್ನೊಂದು ದಾಟಿತ್ತು. ಅವರು ಕಂಪ್ಯೂಟರ್ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕೋನಮಾಪಕ, ಶಾಲೆ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವಂಥದ್ದು, ಕೈಯಲ್ಲಿತ್ತು. ಪರದೆಯ ಮೇಲಿಟ್ಟು ತೋರಿಸಿದರು. ಹಸಿರು ನಲವತ್ತು. ನೀಲಿ ಮೂವತ್ತೆರಡು. ಕೆಂಪು ಐವತ್ತಮೂರು.

ಅವರು ವಿವರಿಸಿದ್ದನ್ನು ನನ್ನ ಟಿಪ್ಪಣಿಯಿಂದ ಕೊಡುತ್ತೇನೆ. "ಪದರದ ಉಬ್ಬು ಸೀರಿ ಅಂಚಿನ ಗೊಂಬಿ ಇದ್ದಂಗ. ಒಂದನ್ನ ಬರದು, ಉಳಿದದ್ದೆಲ್ಲ ಇದ್ರಂಗ ಐತಿ ಅಂತ ಯಂತ್ರಕ್ಕ ಹೇಳ್ತೀವಿ. ಬೆಳಕಿನ ಅಲಿ ಓರೆ ಬಂದ್ರ ಆ ಗೊಂಬಿಗೂ ಈ ಗೊಂಬಿಗೂ ಎಷ್ಟು ಹಿಂದ-ಮುಂದ ಆಗ್ತೈತಿ ಅಂತಾನೂ ಹೇಳಬೇಕು. ಆ ಅಂಕಿ ಒಂದ ಬಣ್ಣಕ್ಕ ಹೊಂದತೈತಿ. ನಾನು ಹಸಿರಿಗೆ ಹೊಂದಿಸಿದ್ದೆ. ಉಳಿದ ಬಣ್ಣ ಅದ ಅಂಕಿ ಉಳಿಸ್ಕೊಳ್ಳಾಕ ತಮ್ಮ ಓರೆ ಬದಲಿಸ್ಕೊಂಡಾವ. ಯಂತ್ರದ ತಪ್ಪಿಲ್ಲ."

ಮೊದಲ ವರ್ಷಗಳಲ್ಲಿ ಅವರು ಒಂದೊಂದೇ ಬಣ್ಣವನ್ನು ಬೇರೆಬೇರೆಯಾಗಿ ಓಡಿಸುತ್ತಿದ್ದರು. ಆಗ ಅದು ಸರಿಯಾಗಿಯೇ ಇತ್ತು. ನಲವತ್ತು ಸಲ ಓಡಿಸುವ ಬದಲು ಎಲ್ಲ ಬಣ್ಣಗಳನ್ನೂ ಒಂದೇ ಮಿಡಿತದಲ್ಲಿ ಕಳಿಸಿದರೆ ಸಮಯ ಉಳಿಯುತ್ತದೆ ಎಂದು ಬದಲಾಯಿಸಿದವರು ಅವರೇ. ಆ ಹೊಂದಾಣಿಕೆಗಳ ಫೈಲನ್ನು 'ತಾಯಿ ಫೈಲ್' ಎಂದು ಹೆಸರಿಟ್ಟು ಮೂವರಿಗೂ ಕೊಟ್ಟವರೂ ಅವರೇ.

"ಖಾಲಿ ಓಡಿಸ್ತಿದ್ರಲ್ಲ ಸರ್ ನೀವು?"

"ಓಡಿಸೀನಿ. ಒಟ್ಟು ಬೆಳಕು ನೋಡಿದೆ, ಸರಿ ಇತ್ತು. ಕೋನ ಹಸಿರಿನ್ಯಾಗ ನೋಡಿದೆ, ಅದೂ ಸರಿ ಇತ್ತು." ಕೋನಮಾಪಕವನ್ನು ಮತ್ತೆ ಪರದೆಗೆ ಹಿಡಿದು ಹೇಳಿದರು: "ಕೆಂಪು ನೋಡಲಿಲ್ಲ."

ವಿಜ್ಞಾನ ಪತ್ರಿಕೆಗೂ ವಿಶ್ವವಿದ್ಯಾಲಯಕ್ಕೂ ಪತ್ರ ಅಷ್ಟೊತ್ತಿಗೆ ಹೋಗಿತ್ತು. ಆಕೆಗೆ ಹೇಳಿದಿರಾ ಎಂದು ಕೇಳಿದೆ. "ಬರ್ತಾಳ ಈಗ. ಹೇಳ್ತೀನಿ," ಎಂದರು. ಹೇಳದೆ ಏಕೆ ಕಳಿಸಿದಿರಿ ಎಂದು ನಾನು ಕೇಳಲಿಲ್ಲ. ಕೇಳುವುದು ನನ್ನ ಕೆಲಸ. ಆದರೂ ಕೇಳಲಿಲ್ಲ.

ಆಕೆ ಬಂದದ್ದು ಮೌಖಿಕ ಪರೀಕ್ಷೆಯ ಮಾತಿನ ತಯಾರಿಗೆ. ಹೆಗಲ ಚೀಲ, ಕೈಯಲ್ಲಿ ನೀರಿನ ಬಾಟಲಿ, ಹರಪನಹಳ್ಳಿ ಬಸ್ಸಿನ ಧೂಳು. ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು, "ಕುಂದ್ರವ್ವ, ಇದನ್ನ ನೋಡು," ಎಂದರು. ಆಕೆ ಪರದೆ ನೋಡಿದರು, ಕೋನಮಾಪಕ ತೆಗೆದುಕೊಂಡು ಮೂರನ್ನೂ ತಾವೇ ಅಳೆದರು. ಕೆಂಪನ್ನು ಎರಡು ಸಲ.

"ಐವತ್ತಮೂರು," ಎಂದರು. ಆಮೇಲೆ, "ಇದು ಬ್ಯಾರೆ ಯಾರಿಗೆ ಗೊತ್ತೈತ್ರಿ ಸರ್?"

"ಪತ್ರ ಕಳಿಸೀನವ್ವ. ಬೆಳಿಗ್ಗೇನ ಹೋತು."

"ಕಳಿಸಿದ್ರೇನು." ಅದು ಪ್ರಶ್ನೆಯಾಗಿರಲಿಲ್ಲ. ಕೋನಮಾಪಕವನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ಬಾಗಿಲಾಚೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಮೇಷ್ಟ್ರು ಹಿಂದೆ ಹೋಗಲಿಲ್ಲ. ಬಾಟಲಿ ಅಲ್ಲೇ ಉಳಿದಿತ್ತು.

ಅವತ್ತಿನ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲಿದೆ: 'ವಿದ್ಯಾರ್ಥಿನಿಗೆ ವಿಷಯ ಹೊರಹೋಗುವುದು ಬೇಡವಾಗಿತ್ತು.' ಯಾರೂ ಹೇಳಿದ್ದಲ್ಲ, ನಾನು ಊಹಿಸಿದ್ದು. ಊಹೆ ಎಂದು ಪಕ್ಕದಲ್ಲಿ ಗುರುತು ಹಾಕಿಲ್ಲ.

ತಿದ್ದುಪಡಿಯ ಮೂರು ವಾಕ್ಯಗಳನ್ನು ಮೇಷ್ಟ್ರೇ ಬರೆದುಕೊಟ್ಟರು. ಕೊನೆಯದು: ತಪ್ಪು ನನ್ನೊಬ್ಬನದು. ನಮ್ಮ ಪತ್ರಿಕೆ ಅದನ್ನು ಒಳಪುಟದಲ್ಲಿ ಮಾರುಕಟ್ಟೆ ಧಾರಣೆಯ ಕೆಳಗೆ ಹಾಕಿತು. ಮೊದಲ ಸುದ್ದಿಯಲ್ಲಿ ಇಬ್ಬರ ಹೆಸರಿತ್ತು, ತಿದ್ದುಪಡಿಯಲ್ಲಿ ಒಬ್ಬರದೇ. ಅದು ಔದಾರ್ಯವೆಂದು ನಾನು ಆಗ ತಿಳಿದಿದ್ದೆ.

ಪರೀಕ್ಷೆ ಮುಂದೆ ಹೋಯಿತು, ಅರ್ಜಿಯ ಕೊನೆಯ ದಿನ ದಾಟಿತು. ಮೇಷ್ಟ್ರು ಹಳೆಯ ಇಬ್ಬರು ವಿದ್ಯಾರ್ಥಿಗಳಿಗೂ ಫೋನ್ ಮಾಡಿದರು. ಒಬ್ಬರು, "ಯಾರು ಓದ್ಯಾರ್ರಿ ಸರ್ ಅದನ್ನ? ಬಿಡ್ರಿ," ಎಂದರು. ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟರು. ನನಗೆ ಇದನ್ನು ಹೇಳುವಾಗ ಮೇಷ್ಟ್ರು ಅವರಿಬ್ಬರ ಮೇಲೆ ದೂರೇನೂ ಹೇಳಲಿಲ್ಲ.

ಆಕೆ ಎರಡು ವರ್ಷ ಕೂತು ಎಲ್ಲವನ್ನೂ ಮತ್ತೆ ಮಾಡಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಓಟ, ಪ್ರತಿ ಓಟಕ್ಕೂ ಮೊದಲು ಖಾಲಿ ಓಟ, ಪರದೆಯ ಮೇಲೆ ಕೋನಮಾಪಕ. ಮೇಷ್ಟ್ರು ನಡುವೆ ನಿವೃತ್ತರಾದರು. ಆದರೂ ಕೊಟ್ಟೂರಿನಿಂದ ಬಸ್ಸಿಗೆ ಬಂದು, ಈಗ ಬೆನ್ನ ಹಿಂದೆ ನಿಲ್ಲದೆ, ಪಕ್ಕದ ಕುರ್ಚಿಯಲ್ಲಿ ಕೂತು ಅಂಕಿ ಬರೆದುಕೊಳ್ಳುತ್ತಿದ್ದರು. ನಾನು ಹೋದಾಗಲೆಲ್ಲ ಅವರಿಬ್ಬರ ನಡುವೆ ಕೇಳಿದ ಮಾತು ಇಷ್ಟೇ: "ಕೆಂಪು, ಆರುನೂರ ಎಂಬತ್ತು?" "ಆತು ಸರ್." "ಖಾಲಿ?" "ಸರಿ ಬಂತ್ರಿ." ಹಳೆಯ ಗ್ರಾಫಿನ ಕೆಂಪು ತುದಿಯಲ್ಲಿದ್ದ ಗುಡ್ಡ ಕರಗಿ ಹೋಯಿತು. ಮಾಮೂಲಿ ಲೇಪನಕ್ಕಿಂತ ಅಲ್ಪ ಸ್ವಲ್ಪ ಮೇಲು, ಅಷ್ಟೇ. ಆ ಅಲ್ಪಕ್ಕೇ ಪದವಿ ಬಂತು. ಆಗ ಸುದ್ದಿ ಮಾಡಿ ಎಂದು ಯಾರೂ ಹೇಳಲಿಲ್ಲ, ನಾನೂ ಮಾಡಲಿಲ್ಲ.

ಮೇಷ್ಟ್ರ ಬೀಳ್ಕೊಡುಗೆಯ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಇನ್ನೂರ ಹತ್ತು ಕುರ್ಚಿ. ತಮ್ಮ ತಪ್ಪನ್ನು ತಾವೇ ಜಗತ್ತಿಗೆ ಹೇಳಿಕೊಂಡ ಮಹನೀಯರು ಎಂದು ಭಾಷಣಕಾರರೆಲ್ಲ ಹೊಗಳಿದರು. ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಆಕೆಯೂ ತಟ್ಟಿದರು. ಮೇಷ್ಟ್ರ ಸರದಿ ಬಂದಾಗ ಅವರು ಮೈಕಿನ ಮುಂದೆ ನಿಂತು ಆ ಸಾಲನ್ನು ಒಮ್ಮೆ ನೋಡಿ, "ಎಲ್ಲಾರೂ ಊಟ ಮಾಡ್ಕೊಂಡು ಹೋಗ್ರಿ," ಎಂದಷ್ಟೇ ಹೇಳಿ ಕೂತರು. ವಿನಯ ಎಂದುಕೊಂಡು ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಆಮೇಲಿನ ವರ್ಷಗಳಲ್ಲಿ ಅವರು ನನ್ನ ತಪ್ಪು ತೋರಿಸಲು ಫೋನ್ ಮಾಡುವುದು ಕಡಿಮೆಯಾಯಿತು. ಸಿಕ್ಕಾಗ ಒಂದೇ ಮಾತು ಕೇಳುತ್ತಿದ್ದರು.

"ನಾನು ಮಾಡಿದ್ದು ಸರಿ ಐತಲ್ರಿ?"

"ಸರಿ ಐತ್ರಿ ಸರ್."

ಮೂರನೆಯ ಸಲ, ಕೊಟ್ಟೂರಿನ ಅವರಣ್ಣನ ಅಂಗಡಿಯ ಮುಂದೆ, ನನ್ನ ಉತ್ತರಕ್ಕೆ ತಲೆ ಅಲ್ಲಾಡಿಸಿದರು. "ಭಾಳ ಲಗೂನ ಹೇಳ್ತೀರಿ ನೀವು. ಯೋಚ್ನಿ ಮಾಡಿ ಹೇಳ್ರಿ." ನಾನು ಯೋಚಿಸಿ ಹೇಳುವೆನೆಂದೆ. ಅದಾಗಿ ಅವರು ಹೆಚ್ಚು ದಿನ ಇರಲಿಲ್ಲ.

ಆರು ಸಾಲು ಕಳಿಸಿದ ದಿನವೇ ಆಕೆಗೆ ಫೋನ್ ಮಾಡಿದೆ. ವೃತ್ತಿಯ ರೂಢಿ, ಶಿಷ್ಯರ ಒಂದು ಮಾತು ಬೇಕಾಗುತ್ತದೆ. ಆಕೆ ಈಗ ಬೇರೊಂದು ಊರಿನ ಖಾಸಗಿ ಕಾಲೇಜಿನಲ್ಲಿ, ಅಲ್ಲಿಯೂ ವರ್ಷದ ಲೆಕ್ಕದಲ್ಲೇ, ಪಾಠ ಮಾಡು‌ತ್ತಾರೆ. ಸುದ್ದಿ ಮೊದಲೇ ತಲುಪಿತ್ತು.

"ಏನು ಬರ್ಕೋತೀರಿ? ದೊಡ್ಡ ಮನುಷ್ಯ ಅಂತ ಬರ್ಕೊಳ್ರಿ. ಸುಳ್ಳಲ್ಲ ಅದು."

"ನಿಮಗ ಅನ್ಯಾಯ ಆತು ಅಂತ ಅನಿಸ್ತೈತೇನ್ರಿ ಮೇಡಂ? ಆ ಪತ್ರ ಹದಿನೈದು ದಿನ ತಡ ಆಗಿದ್ರ…"

"ನೀವೂ ಹಂಗ ತಿಳ್ಕೊಂಡೀರೇನು?" ಆಕೆ ನಕ್ಕರು; ಅದರಲ್ಲಿ ಸಂತೋಷವಿರಲಿಲ್ಲ. "ಅಳತಿ ನಾನೂ ಮಾಡಿದ್ನಲ್ರಿ, ನಿಮ್ಮ ಮುಂದ. ತಪ್ಪು ಪದವಿ ಇಟ್ಕೊಂಡು ಯಾವ ಮಾರಿಲೆ ಪಾಠ ಮಾಡ್ಲಿ? ಕಳಿಸ್ರಿ ಸರ್ ಅಂತಿದ್ದೆ ನಾನು. ಇಬ್ಬರೂ ಕೂಡಿ ಬರೀತಿದ್ವಿ. ಸಹಿ ಎರಡಿರ್ತಿದ್ವು. ನೌಕರಿ ಆಗ್ಲೂ ಹೋಗ್ತಿತ್ತು. ಹೋಗ್ಲಿ. ನಾನು ಬ್ಯಾಡ ಅಂತೀನಿ ಅಂತ ಅವ್ರಿಗೆ ಯಾಕ ಅನಿಸ್ತು? ಅದೊಂದು ನನಗ ಇವತ್ತಿಗೂ ತಿಳದಿಲ್ಲ."

ಫೋನಿನ ಆಚೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಎರಡು ವರ್ಷ ಅವರು ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಒಮ್ಮೆಯೂ ಅವರನ್ನೇ ಕೇಳಲಿಲ್ಲವೇ ಎಂದೆ.

"ಇಲ್ಲ," ಎಂದರು. "ಕೇಳಿದ್ರ ಅವರು ಸುಳ್ಳು ಹೇಳ್ತಿರ್ಲಿಲ್ರಿ. ಅದಕ್ಕ ಕೇಳಲಿಲ್ಲ."